ಶರಾವತಿ ಕರೆಂಟು ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ಪ್ರಶ್ನೆ: ನಾನು ದಾವಣಗೆರೆಯವನು, ಅಕ್ಕಿ ಗಿರಣಿ ಇದೆ. ನಮ್ಮ ಅಳಿಯ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿ ಕರೆಂಟು ಬಹುಪಾಲು ಡ್ಯಾಮಿನದೇ ಅಂತೆ, ಆದರೆ ಅಲ್ಲಿನ ಕಾನೂನು ಅದನ್ನು ನವೀಕರಿಸಬಹುದಾದ ಇಂಧನದ ಲೆಕ್ಕಕ್ಕೇ ಹಿಡಿದಿರಲಿಲ್ಲವಂತೆ. ನಮ್ಮ ಶರಾವತಿ ಕರೆಂಟಿಗೂ ಇದೇ ಗತಿ ಅಂತ ಕೇಳಿದೆ. ಮಳೆ ಪ್ರತಿ ವರ್ಷ ಬರುತ್ತದೆ, ಡ್ಯಾಮು ಮತ್ತೆ ತುಂಬುತ್ತದೆ. ಇದು ನವೀಕರಣ ಅಲ್ಲದಿದ್ದರೆ ಇನ್ಯಾವುದು? ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ನಮ್ಮ ಬಿಲ್ಲಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ಸರಿ. ನೀವು ಕೇಳಿದ್ದೂ ಬಹುಮಟ್ಟಿಗೆ ಸರಿ, ಆದರೆ ಈಗ ಹಾಗಿಲ್ಲ. ನಮ್ಮಲ್ಲಿ 2019ರಲ್ಲಿ ಅರ್ಧ ಬದಲಾಯಿತು, 2022ರಲ್ಲಿ ಉಳಿದರ್ಧವೂ ಬದಲಾಯಿತು. ಅಲ್ಲಿಯವರೆಗೆ ಶರಾವತಿ ಕರೆಂಟು ಈ ಲೆಕ್ಕದಲ್ಲಿ ನಿಜವಾಗಿಯೂ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಹಾಗೇ ಇತ್ತು.

ಮೊದಲು ಒಂದು ಗೊಂದಲ ಬಿಡಿಸೋಣ. ನೀರು ನವೀಕರಣ ಆಗುತ್ತದೋ ಇಲ್ಲವೋ ಎಂದು ಯಾವ ಕಾನೂನೂ ಜಗಳ ಆಡಲಿಲ್ಲ. ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಾನೂನಿನ ಪ್ರಶ್ನೆ ಬೇರೆ. ಕರೆಂಟು ಕಂಪನಿಗಳ ಕೈಯಲ್ಲಿ ಹೊಸದಾಗಿ ಏನನ್ನು ಮಾಡಿಸಬೇಕು ಎನ್ನುವುದು ಅದರ ಪ್ರಶ್ನೆ.

ಚನ್ನಗಿರಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಜ್ಜನ ಕಾಲದ ಅಡಿಕೆ ತೋಟ ಇದೆ. ಈ ವರ್ಷ ಒಬ್ಬೊಬ್ಬರು ಇಪ್ಪತ್ತು ಸಸಿ ನೆಡಬೇಕು ಅಂತ ಅಪ್ಪ ಮಕ್ಕಳಿಗೆ ಹೇಳುತ್ತಾರೆ. ದೊಡ್ಡವನು ಹೋಗಿ ಅಜ್ಜ ನೆಟ್ಟ ಮರಗಳನ್ನೇ ತೋರಿಸಿ, 'ನೋಡಿ, ಇಲ್ಲಿ ಇನ್ನೂರು ಇವೆಯಲ್ಲ' ಅಂದರೆ? ಮರ ಸುಳ್ಳಲ್ಲ, ಫಸಲೂ ಸುಳ್ಳಲ್ಲ. ಆದರೆ ಅಪ್ಪ ಹೇಳಿದ ಕೆಲಸ ಆಗಲಿಲ್ಲ. ಹಳೇ ಡ್ಯಾಮುಗಳನ್ನು ಲೆಕ್ಕದಿಂದ ಹೊರಗಿಟ್ಟಿದ್ದರ ಹಿಂದೆ ಇದ್ದದ್ದು ಇದೇ ಯೋಚನೆ.

ನಿಮ್ಮ ಅಳಿಯನ ರಾಜ್ಯದಲ್ಲಿ ಆಗಿದ್ದೂ ಇದೇ. ಅಮೆರಿಕದಲ್ಲಿ ಈ ವಿಷಯಕ್ಕೆ ಇಡೀ ದೇಶಕ್ಕೆ ಒಂದು ಕಾನೂನಿಲ್ಲ, ಒಂದೊಂದು ರಾಜ್ಯದ್ದು ಒಂದೊಂದು ದಾರಿ. ವಾಷಿಂಗ್ಟನ್ ರಾಜ್ಯದಲ್ಲಿ 2006ರ ನವೆಂಬರ್‌ನಲ್ಲಿ ಜನರೇ ನೇರವಾಗಿ ಮತ ಹಾಕಿ ಒಂದು ಕಾನೂನು ತಂದರು. ದೊಡ್ಡ ಕರೆಂಟು ಕಂಪನಿಗಳು 2020ರ ಹೊತ್ತಿಗೆ ಶೇ. 15ರಷ್ಟನ್ನು ನವೀಕರಿಸಬಹುದಾದ ಮೂಲದಿಂದ ಕೊಡಬೇಕು ಎಂದು ಅದರಲ್ಲಿತ್ತು. ಆ ರಾಜ್ಯದಲ್ಲಿ ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲಿ ಅನ್ನುವ ಡ್ಯಾಮಿದೆ. ಅದೊಂದರದ್ದೇ ಸುಮಾರು 6,800 ಮೆಗಾವ್ಯಾಟ್, ಅಂದರೆ ನಮ್ಮ ಶರಾವತಿಯಂಥವು ಆರು ಸೇರಿದರೂ ಅದಕ್ಕೆ ಸಾಟಿಯಾಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದಿದ್ದರೆ ಕಾನೂನು ಬಂದ ದಿನವೇ ಗುರಿ ಮುಟ್ಟಿ, ಯಾರೂ ಒಂದು ಗಾಳಿಯಂತ್ರವನ್ನೂ ನಿಲ್ಲಿಸಬೇಕಿರಲಿಲ್ಲ. ಹಾಗಾಗಿ ಹಳೇ ಡ್ಯಾಮುಗಳನ್ನು ಬಿಟ್ಟರು. ಅಲ್ಲಿ ಹಳೇ ಟರ್ಬೈನು ಬದಲಿಸಿ, ಅದೇ ನೀರಿನಿಂದ ಹೆಚ್ಚು ಕರೆಂಟು ತೆಗೆದರೆ ಆ ಹೆಚ್ಚುವರಿಗೆ ಮಾತ್ರ ಲೆಕ್ಕ ಅಂದರು. ಈ ಷರತ್ತು ನನಗೆ ತುಂಬಾ ಇಷ್ಟ. ಹೊಸ ಡ್ಯಾಮು ಕಟ್ಟದೆ, ಒಂದು ಎಕರೆಯೂ ಮುಳುಗಿಸದೆ ಹೆಚ್ಚು ಕರೆಂಟು ತೆಗೆಯುವವನಿಗೆ ಬೆನ್ನು ತಟ್ಟುವ ಷರತ್ತು ಅದು.

ಆಮೇಲೆ 2019ರಲ್ಲಿ ಅದೇ ರಾಜ್ಯ ಇನ್ನೊಂದು ಕಾನೂನು ತಂದಿತು. 2045ರ ಹೊತ್ತಿಗೆ ಎಲ್ಲ ಕರೆಂಟೂ ಹೊಗೆ ಇಲ್ಲದ್ದೇ ಆಗಿರಬೇಕು ಎನ್ನುವುದು ಅದರ ಗುರಿ. ಆ ಲೆಕ್ಕದಲ್ಲಿ ಹಳೇ ಡ್ಯಾಮಿಗೂ ಜಾಗ ಸಿಕ್ಕಿತು. ಡ್ಯಾಮು ಅದೇ, ನದಿ ಅದೇ. ಹೊಸದು ಎಷ್ಟು ಮಾಡಿದಿರಿ ಎಂದು ಕೇಳಿದಾಗ ಹೊರಗೆ ಇತ್ತು, ಹೊಗೆ ಎಷ್ಟು ಬಿಟ್ಟಿರಿ ಎಂದು ಕೇಳಿದಾಗ ಒಳಗೆ ಬಂತು. ಕ್ಯಾಲಿಫೋರ್ನಿಯಾದಲ್ಲಿ 30 ಮೆಗಾವ್ಯಾಟ್‌ವರೆಗಿನ ಸಣ್ಣ ಜಲವಿದ್ಯುತ್ತಿಗೆ ಮಾತ್ರ ನವೀಕರಿಸಬಹುದಾದದ್ದು ಅನ್ನುವ ಪಟ್ಟ. ವರ್ಮಾಂಟ್ ಅನ್ನುವ ಪುಟ್ಟ ರಾಜ್ಯ ಮಾತ್ರ 2010ರಲ್ಲೇ ದೊಡ್ಡ ಡ್ಯಾಮಿನ ಕರೆಂಟನ್ನೂ ಒಪ್ಪಿಕೊಂಡಿತು. ಅದರ ಪಕ್ಕದಲ್ಲೇ ಕೆನಡಾದ ಕ್ವಿಬೆಕ್ ಇದೆ, ಅಲ್ಲಿಂದ ದೊಡ್ಡ ಡ್ಯಾಮಿನ ಕರೆಂಟು ಕೊಳ್ಳುವ ರಾಜ್ಯ ಅದು.

ಈಗ ನಮ್ಮ ಕಡೆಗೆ ಬರೋಣ.

ನಮ್ಮಲ್ಲಿ ಇದನ್ನು ವಿಧಾನಸಭೆ ತೀರ್ಮಾನ ಮಾಡಿದ್ದಲ್ಲ. ಸಂವಿಧಾನದಲ್ಲಿ ವಿದ್ಯುತ್ತು ಕೇಂದ್ರ ಮತ್ತು ರಾಜ್ಯ ಇಬ್ಬರಿಗೂ ಸೇರಿದ ವಿಷಯ. 2003ರ ವಿದ್ಯುತ್ ಕಾಯ್ದೆಯ 86ನೇ ಸೆಕ್ಷನ್ನು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅಧಿಕಾರ ಕೊಟ್ಟಿತು. ನಿಮ್ಮ ಕಂಪನಿಗಳು ಇಷ್ಟು ಪಾಲನ್ನು ನವೀಕರಿಸಬಹುದಾದ ಮೂಲದಿಂದ ಕೊಳ್ಳಲೇಬೇಕು ಎಂದು ಗೊತ್ತು ಮಾಡಿ ಅಂದಿತು. ಇದಕ್ಕೆ ಆರ್‌ಪಿಒ ಅನ್ನುತ್ತಾರೆ, ಖರೀದಿ ಕಡ್ಡಾಯ ಅಂದುಕೊಳ್ಳಿ. ನಮ್ಮ ರಾಜ್ಯದ ಆಯೋಗ, ಅಂದರೆ ಕೆಇಆರ್‌ಸಿ, 2004ರಲ್ಲೇ ಕನಿಷ್ಠ ಶೇ. 5 ಅಂತ ಶುರು ಮಾಡಿತು. 2011ರಲ್ಲಿ ಬೆಸ್ಕಾಂಗೆ ಶೇ. 10 ಮಾಡಿ, ಸೋಲಾರಿಗೆ ಬೇರೆಯಾಗಿ ಶೇ. 0.25 ಇಟ್ಟಿತು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂಗೇ ಸೇರುವುದರಿಂದ ಇದು ನಿಮ್ಮ ಮನೆಯ ಲೆಕ್ಕವೂ ಹೌದು.

ಆ ಲೆಕ್ಕದಲ್ಲಿ ನೀರಿಗೆ ಒಂದು ಗೆರೆ ಇತ್ತು, 25 ಮೆಗಾವ್ಯಾಟ್. ಅಷ್ಟರವರೆಗೆ ಮಿನಿ ಹೈಡಲ್, ಲೆಕ್ಕಕ್ಕುಂಟು. ಅದಕ್ಕಿಂತ ಜಾಸ್ತಿ ಇದ್ದರೆ ಇಲ್ಲ. ಈ 25 ಎಲ್ಲಿಂದ ಬಂತು? ನದಿ ನೋಡಿ ಎಳೆದ ಗೆರೆ ಅಲ್ಲ ಇದು, ದೆಹಲಿಯ ಎರಡು ಇಲಾಖೆಗಳ ನಡುವಿನ ಗಡಿ. 25ರವರೆಗಿನ ಯೋಜನೆ ನವೀಕರಿಸಬಹುದಾದ ಇಂಧನ ಸಚಿವಾಲಯಕ್ಕೆ, ಮೇಲಿನದ್ದು ವಿದ್ಯುತ್ ಸಚಿವಾಲಯಕ್ಕೆ. ಅದರಿಂದ ಎಂಥ ವಿಚಿತ್ರ ಆಯಿತು ನೋಡಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರ ಸಾಮರ್ಥ್ಯ 42 ಮೆಗಾವ್ಯಾಟ್. ಗೆರೆ ದಾಟಿತು, ಹಾಗಾಗಿ ಅದು 'ದೊಡ್ಡದು'. ಅಲ್ಲೇ ಹತ್ತಿರದ ಶಿಂಷಾ 17.2 ಮೆಗಾವ್ಯಾಟ್, ಈ ಅಳತೆಯಲ್ಲಿ ಅದು 'ಸಣ್ಣದು'. ಎರಡರಲ್ಲೂ ಟರ್ಬೈನು ತಿರುಗಿಸುವುದು ಬೀಳುವ ನೀರೇ.

ಇನ್ನೊಂದು ಮಾತು. ಸಣ್ಣದು ಅಂದ ಮಾತ್ರಕ್ಕೆ ನಿರಪಾಯ ಅಂತಲ್ಲ. ಪಶ್ಚಿಮ ಘಟ್ಟದ ಒಂದೇ ಹಳ್ಳಕ್ಕೆ ಸಾಲಾಗಿ ಮಿನಿ ಹೈಡಲ್ ಹಾಕಿದರೆ, ನಡುವಿನ ಹರಿವು ಬೇಸಿಗೆಯಲ್ಲಿ ಬತ್ತಿ ಬರೀ ಬಂಡೆ ಉಳಿಯುತ್ತದೆ. ಮತ್ತೊಂದು ಕಡೆ, ನಾಲೆಗೆ ಹೇಗೂ ಬಿಡುವ ನೀರಿಗೆ ಟರ್ಬೈನು ಅಡ್ಡ ಇಟ್ಟರೆ ಯಾರಿಗೂ ನಷ್ಟವಿಲ್ಲ. ನಮ್ಮ ಭದ್ರಾ ಡ್ಯಾಮಿನಲ್ಲಿ ಇರುವುದು ಇದೇ. ಎಲ್ಲ ಘಟಕ ಸೇರಿಸಿದರೆ ಸುಮಾರು 39 ಮೆಗಾವ್ಯಾಟ್. ಲಕ್ಕವಳ್ಳಿಯಲ್ಲಿ ನಾಲೆಗೆ ನೀರು ಬಿಟ್ಟಾಗ ಅದರ ಜೊತೆಗೇ ಕರೆಂಟೂ ಹುಟ್ಟುತ್ತದೆ. ನಿಮ್ಮ ಗಿರಣಿಗೆ ಬರುವ ಭತ್ತ ಬೆಳೆದ ನೀರು, ದಾರಿಯಲ್ಲಿ ಒಂದು ಟರ್ಬೈನನ್ನೂ ತಿರುಗಿಸಿ ಬಂದಿರುತ್ತದೆ. ಯಾವ ನದಿ, ಎಂಥ ಜಾಗ, ಎಷ್ಟು ಮುಳುಗಿತು ಅನ್ನುವುದನ್ನು ಬಿಟ್ಟು ಬರೀ ಮೆಗಾವ್ಯಾಟ್ ಅಳೆದರೆ ಇಂಥ ವ್ಯತ್ಯಾಸ ಕಾಣುವುದೇ ಇಲ್ಲ.

ಆ ಕಾಲದ ಲೆಕ್ಕದಲ್ಲಿ ಒಂದು ಜಾಣತನವೂ ಇತ್ತು, ಅದನ್ನು ಬಹಳ ಜನ ಗಮನಿಸಲಿಲ್ಲ. 2016ರ ಕೇಂದ್ರದ ದರ ನೀತಿ ಮತ್ತು 2018ರ ಜೂನ್ ಆದೇಶದಲ್ಲಿ, ಜಲವಿದ್ಯುತ್ತನ್ನು ಕಳೆದು ಉಳಿದ ಬಳಕೆಯ ಮೇಲೆ ಶೇಕಡಾ ಲೆಕ್ಕ ಹಾಕಿ ಎಂದಿತ್ತು. ಅಂದರೆ ಶರಾವತಿ ನಿಮ್ಮ ಗುರಿಯನ್ನು ತುಂಬಿಸುತ್ತಿರಲಿಲ್ಲ, ಆದರೆ ಗುರಿಯನ್ನು ಹೆಚ್ಚೂ ಮಾಡುತ್ತಿರಲಿಲ್ಲ. ನೀರಿನ ಕರೆಂಟನ್ನು ಪಕ್ಕಕ್ಕಿಟ್ಟು, ಕಲ್ಲಿದ್ದಲಿನ ಜಾಗಕ್ಕೆ ಏನು ತಂದಿರಿ ಎಂದು ಕೇಳಿದ ಹಾಗೆ. ನನ್ನ ಮಟ್ಟಿಗೆ ಇದು ನ್ಯಾಯವಾದ ಲೆಕ್ಕ.

ಇದರ ಫಲ ನೋಡಬೇಕೆಂದರೆ ಚಿತ್ರದುರ್ಗಕ್ಕೆ ಬನ್ನಿ, ಜೋಗಿಮಟ್ಟಿ ಕಡೆ ತಲೆ ಎತ್ತಿ ನೋಡಿ. ಸಾಲು ಸಾಲು ಗಾಳಿಯಂತ್ರಗಳು. ಖರೀದಿ ಕಡ್ಡಾಯ ಒಂದರಿಂದಲೇ ಅವು ಬಂದವು ಅಂತ ಹೇಳಲಾರೆ. ತೆರಿಗೆಯಲ್ಲಿ ಸವಕಳಿ ರಿಯಾಯಿತಿ ಇತ್ತು, ಇಲ್ಲಿನ ಗಾಳಿಯೂ ಅಂಥದ್ದೇ. ಆದರೆ ಆ ಕರೆಂಟನ್ನು ಕೊಳ್ಳಲೇಬೇಕು ಎನ್ನುವ ಕಟ್ಟುಪಾಡು ಇಲ್ಲದಿದ್ದರೆ ಅಷ್ಟು ಬೇಗ ಅಷ್ಟೊಂದು ಬರುತ್ತಿರಲಿಲ್ಲ. ಕರ್ನಾಟಕದಲ್ಲಿ ಶರಾವತಿ, ಕಾಳಿ, ವಾರಾಹಿ ಎಲ್ಲ ಇರುವಾಗ ಅವನ್ನೇ ತೋರಿಸಿ ಸುಮ್ನೆ ಕೂರಬಹುದಿತ್ತು, ಅಲ್ವಾ?

ನಾನು ಚಿತ್ರದುರ್ಗದ ಹತ್ತಿರ ಒಂದು ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಆಷಾಢದ ರಾತ್ರಿಗಳು ಚೆನ್ನಾಗಿ ನೆನಪಿವೆ. ಹೊರಗೆ ಗಾಳಿ ಶೀಟು ಹಾರಿಸುವ ಹಾಗೆ ಬೀಸುತ್ತಿತ್ತು. ಒಳಗೆ ವಿಂಡ್ ಫೀಡರಿನ ಮೀಟರು ಏರುತ್ತಲೇ ಇರುತ್ತಿತ್ತು. ಗಂಟೆಗೊಮ್ಮೆ ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಫೋನಿನಲ್ಲಿ ಹೇಳಬೇಕು. ಇಲ್ಲಿ ಗಾಳಿ ಏರಿದ ಹಾಗೆ ಅತ್ತ ಶರಾವತಿಯಲ್ಲಿ ಒಂದು ಘಟಕ ಇಳಿಸಲು ಹೇಳುತ್ತಿದ್ದರು. ಆಗ ನನಗೆ ಅರ್ಥವಾಗಿದ್ದು, ದುರ್ಗದ ಗಾಳಿಯಿಂದ ಒಂದು ಯೂನಿಟ್ ಬಂದರೆ ಲಿಂಗನಮಕ್ಕಿಯಲ್ಲಿ ಅಷ್ಟು ನೀರು ಉಳಿಯುತ್ತದೆ. ಆ ನೀರು ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ಎಲ್ಲರೂ ಫ್ಯಾನು ಹಾಕಿದಾಗ ಕೆಲಸಕ್ಕೆ ಬರುತ್ತದೆ. ಡ್ಯಾಮಿನ ದೊಡ್ಡ ಗುಣ ಇದು. ಬೇಕೆಂದಾಗ ಕೆಲವೇ ನಿಮಿಷದಲ್ಲಿ ಶುರು, ಬೇಡವೆಂದಾಗ ನಿಲ್ಲಿಸಬಹುದು. ಕಲ್ಲಿದ್ದಲಿನ ಸ್ಥಾವರಕ್ಕೆ ಇದು ಆಗದ ಮಾತು. ಹಳೇ ಡ್ಯಾಮನ್ನು ಲೆಕ್ಕದ ಹೊರಗಿಟ್ಟಿದ್ದು ಅದಕ್ಕೆ ಅವಮಾನ ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊರಗಿಟ್ಟಿದ್ದರಿಂದಲೇ ಅದಕ್ಕೆ ಗಾಳಿಯ ಜೊತೆ ಸಿಕ್ಕಿತು.

ಇನ್ನು ಬದಲಾವಣೆ ಆಗಿದ್ದು ಹೇಗೆ. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತೂ ನವೀಕರಿಸಬಹುದಾದದ್ದೇ ಎಂದು ಘೋಷಿಸಿತು. ಜೊತೆಗೆ ಜಲವಿದ್ಯುತ್ತಿಗೆ ಬೇರೆಯೇ ಒಂದು ಕಡ್ಡಾಯ ಪಾಲು ಬಂತು, ಅದಕ್ಕೆ 2019ರ ಮಾರ್ಚ್ 8ರ ನಂತರ ಶುರುವಾದ ಯೋಜನೆಗಳು ಮಾತ್ರ ಅರ್ಹ. ಆ ಪಾಲು 2021-22ರಲ್ಲಿ ಶೇ. 0.18, ಏರುತ್ತಾ ಹೋಗಿ 2029-30ಕ್ಕೆ ಶೇ. 2.82 ಎಂದು 2021ರ ಜನವರಿ ಆದೇಶದಲ್ಲಿತ್ತು. ಇಲ್ಲಿಯವರೆಗೆ ಸರಿ, ಹೊಸದಕ್ಕೆ ಮಾತ್ರ ಮಣೆ.

2022ರ ಜುಲೈ ಆದೇಶದಲ್ಲಿ ಗಂಟು ಸಡಿಲವಾಯಿತು. 2022-23ರಿಂದ ಎಲ್ಲ ಜಲವಿದ್ಯುತ್ತೂ ಲೆಕ್ಕಕ್ಕೆ ಬರುತ್ತದೆ, ಹಳೆಯದ್ದು 'ಇತರೆ' ಎನ್ನುವ ಕಾಲಮ್ಮಿಗೆ ಹೋಗುತ್ತದೆ ಎಂದಿತು. 1964ರಿಂದ 1977ರವರೆಗೆ ಒಂದೊಂದಾಗಿ ಶುರುವಾದ ಶರಾವತಿಯ ಹತ್ತು ಘಟಕ, 1,035 ಮೆಗಾವ್ಯಾಟ್, ಅಷ್ಟೂ ಒಳಗೆ ಬಂತು. ಆಮೇಲೆ ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಕೇಂದ್ರಕ್ಕೇ ನೇರ ಅಧಿಕಾರ ಕೊಟ್ಟಿತು. 2023ರ ಅಕ್ಟೋಬರ್ ಅಧಿಸೂಚನೆ 2024-25ಕ್ಕೆ ಒಟ್ಟು ಶೇ. 29.91 ಎಂದು ಗೊತ್ತು ಮಾಡಿತು. ಅದರಲ್ಲಿ ಹೊಸ ಗಾಳಿಗೆ 0.67, ಹೊಸ ಜಲವಿದ್ಯುತ್ತಿಗೆ 0.38, ಮನೆ ಛಾವಣಿಯಂಥ ಸಣ್ಣ ಘಟಕಗಳಿಗೆ 1.5, ಉಳಿದ 27.35 'ಇತರೆ'. ಹಳೇ ಡ್ಯಾಮು ಇರುವುದು ಈ ದೊಡ್ಡ ಚೀಲದಲ್ಲಿ.

ಇದರ ಪರಿಣಾಮ ಏನು? ಒಂದು ಚಿಕ್ಕ ಲೆಕ್ಕ ಮಾಡೋಣ, ಅಂಕಿ ನಾನೇ ಸುಲಭಕ್ಕೆ ಇಟ್ಟುಕೊಂಡಿದ್ದು. ಒಂದು ಕಂಪನಿ ವರ್ಷಕ್ಕೆ 1,000 ಯೂನಿಟ್ ಮಾರುತ್ತದೆ, ಅದರಲ್ಲಿ 250 ಹಳೇ ಡ್ಯಾಮಿನದು. ಆಗಿನ ನಿಯಮದಲ್ಲಿ 2018-19ರ ಗುರಿ ಶೇ. 17. ನೀರಿನದು ಕಳೆದು ಉಳಿದ 750ರ ಮೇಲೆ ಹಾಕಿದರೆ 127 ಯೂನಿಟ್ ಚಿಲ್ಲರೆ ಆಯಿತು. ಅಷ್ಟನ್ನೂ ಗಾಳಿ, ಸೋಲಾರ್, ಮಿನಿ ಹೈಡಲ್ ಮುಂತಾದವುಗಳಿಂದಲೇ ತರಬೇಕು. 2024-25ರ ಗುರಿ ಶೇ. 29.91 ಅಂದರೆ 1,000ಕ್ಕೆ 299. ಕೇಳಲು ದೊಡ್ಡದು. ಆದರೆ ಅದರಲ್ಲಿ 250 ಹಳೇ ಡ್ಯಾಮೇ ತುಂಬಿಸಿತು. ಬಾಕಿ 49. ಗುರಿಯ ಅಂಕಿ ಹೆಚ್ಚುಕಡಿಮೆ ಎರಡರಷ್ಟಾಯಿತು, ಮಾಡಬೇಕಾದ ಕೆಲಸ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. 2029-30ಕ್ಕೆ ಗುರಿ ಶೇ. 43.33, ಆಗ ಅದೇ ಕಂಪನಿಗೆ ಬಾಕಿ 183 ಆಗುತ್ತದೆ, ಅಂದರೆ ಮತ್ತೆ ಬಿಗಿ ಬರುತ್ತದೆ. ಇಂಥ ಶೇಕಡಾಗಳಿಗೆ ತಿದ್ದುಪಡಿ ಬರುತ್ತಲೇ ಇರುತ್ತದೆ. ಹಾಗಾಗಿ ಅಂಕಿಗಿಂತ ಮುಖ್ಯವಾಗಿ ಯಾವ ಚೀಲದಲ್ಲಿ ಏನು ಹಾಕಿದ್ದಾರೆ ನೋಡಿ.

ಹಳೇ ಡ್ಯಾಮನ್ನು ಒಳಗೆ ಸೇರಿಸಿದ್ದು ಸರಿಯೋ ತಪ್ಪೋ? ಹೊಗೆಯ ಲೆಕ್ಕದಲ್ಲಿ ಸರಿ. ದೇಶ ಎಷ್ಟು ಕಲ್ಲಿದ್ದಲು ಸುಡುತ್ತಿದೆ ಎಂದು ಕೇಳುವಾಗ ಶರಾವತಿಯನ್ನು ಮರೆಮಾಡುವುದು ಸುಳ್ಳು ಲೆಕ್ಕ. ಆದರೆ ಖರೀದಿ ಕಡ್ಡಾಯದಲ್ಲಿ ಸೇರಿಸಿದ್ದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಪುಸ್ತಕದ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆದ ಹಾಗಾಯಿತು.

ಅದಕ್ಕೆ ಇನ್ನೊಂದು ಕಾರಣ ನಮ್ಮ ಮಳೆ. ಪ್ರತಿ ವರ್ಷ ಡ್ಯಾಮು ತುಂಬುತ್ತದೆ ಎಂದು ಬರೆದಿದ್ದೀರಿ. ಹಿರಿಯೂರಿನವರನ್ನು ಕೇಳಿ. ನಮ್ಮ ಮಾರಿಕಣಿವೆ, ಅದೇ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಆ ಸೆಪ್ಟೆಂಬರ್‌ನಲ್ಲಿ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಮಲೆನಾಡಿನ ಡ್ಯಾಮು ಅಷ್ಟು ಕೈಕೊಡುವುದಿಲ್ಲ, ನಿಜ. ಆದರೂ 2023ರ ಬರ ನೆನಪಿದೆಯಲ್ಲ? ಭದ್ರಾ ನಾಲೆಯ ನೀರಿಗಾಗಿ ನಿಮ್ಮ ಕಡೆಯ ರೈತರು ರಸ್ತೆಗಿಳಿದಿದ್ದರು. ಹೊಲದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು 5 ಗಂಟೆಯೋ 7 ಗಂಟೆಯೋ ಎಂದು ಜಗಳವಾಗಿತ್ತು. ಮಳೆ ಹೋದ ವರ್ಷ ಡ್ಯಾಮಿನ ಕರೆಂಟು ಕಡಿಮೆ, ಅದೇ ವರ್ಷ ಬೋರ್‌ವೆಲ್ ಓಡುವುದು ಜಾಸ್ತಿ. ಕೊರತೆ ಎರಡು ಕಡೆಯಿಂದ ಬರುತ್ತದೆ. ಹಳೇ ಡ್ಯಾಮನ್ನು ನಂಬಿ ಗಾಳಿ, ಸೋಲಾರ್ ಕೊಳ್ಳುವುದನ್ನು ತಡ ಮಾಡಿದ ಕಂಪನಿಗೆ ಅಂಥ ವರ್ಷ ಗುರಿಯೂ ತಪ್ಪುತ್ತದೆ, ಕರೆಂಟೂ ತಪ್ಪುತ್ತದೆ.

ಪಂಪ್ಡ್ ಸ್ಟೋರೇಜ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಯೋಜನೆ ಇದೆ, ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುತ್ತದೆ ಎಂದು ವಿರೋಧವೂ ಇದೆ. ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸುವುದು ಅದರ ಕೆಲಸ. ನೀರು ಎತ್ತಲು ನೂರು ಯೂನಿಟ್ ಖರ್ಚಾದರೆ ವಾಪಸ್ ಬರುವುದು ಎಪ್ಪತ್ತೈದೋ ಎಂಬತ್ತೋ. ಅದು ದೊಡ್ಡ ಬ್ಯಾಟರಿ, ಕರೆಂಟು ಹುಟ್ಟಿಸುವ ಸ್ಥಾವರವಲ್ಲ. ಆದರೂ ಆದೇಶಗಳು ಅದನ್ನು ಜಲವಿದ್ಯುತ್ತಿನ ಪಾಲಿಗೇ ಸೇರಿಸಿವೆ. ನೀರು ಎತ್ತಿದ್ದು ಸೋಲಾರಿನಿಂದ ಆದರೆ ಸರಿ, ಕಲ್ಲಿದ್ದಲ ಕರೆಂಟಿನಿಂದ ಎತ್ತಿದರೆ? ಕಾಡಿನ ಬೆಲೆ ಬೇರೆ. ಇದನ್ನು ಉತ್ಪಾದನೆಯ ಲೆಕ್ಕದಲ್ಲಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ, ಶೇಖರಣೆಗೇ ಬೇರೆ ಕಾಲಮ್ಮು ಇರಬೇಕು.

ಇನ್ನು ನಿಮ್ಮ ಬಿಲ್ಲು. ಶರಾವತಿ ಕರೆಂಟು ಹಳೇ ಬಂಡವಾಳದ್ದು, ಅಗ್ಗದ್ದು. ಲೆಕ್ಕಕ್ಕೆ ಹಿಡಿದರೂ ಬಿಟ್ಟರೂ ಅದನ್ನು ಹೇಗೂ ಪೂರ್ತಿ ಬಳಸುತ್ತಾರೆ, ಅದರಿಂದ ಬಿಲ್ಲು ಬದಲಾಗುವುದಿಲ್ಲ. ಬದಲಾಗುವುದು, ಅದರ ಜೊತೆಗೆ ಇನ್ನೇನು ಕೊಳ್ಳುತ್ತಾರೆ ಎನ್ನುವುದರಿಂದ. ಸೋಲಾರ್ ದುಬಾರಿ ಇದ್ದ ಕಾಲದಲ್ಲಿ ಖರೀದಿ ಕಡ್ಡಾಯ ಹೊರೆ ಅನ್ನಿಸುತ್ತಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಗೆ ಬಿಡ್ ಬಂದ ಮೇಲೆ ಆ ಮಾತು ನಿಂತಿತು. ಚಳ್ಳಕೆರೆ ದಾಟಿದರೆ ಪಾವಗಡ, ಅಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕಿದೆ. ಹಗಲು ಅದು, ಆಷಾಢಕ್ಕೆ ದುರ್ಗದ ಗಾಳಿ, ಸಂಜೆಗೆ ಶರಾವತಿ. ಇವು ಮೂರೂ ಸೇರಿದರೆ, ಬರದ ವರ್ಷ ಹೊರಗಿನಿಂದ ದುಬಾರಿ ಕರೆಂಟು ತರುವ ಪ್ರಮೇಯ ಕಡಿಮೆ. ಹಾಗೆ ತಂದದ್ದರ ಖರ್ಚು ಕೊನೆಗೆ ನಿಮ್ಮ ಬಿಲ್ಲಿಗೇ ಬಂದು ಸೇರುತ್ತದೆ.

ನೀವು ಗಿರಣಿ ನಡೆಸುವವರು, ಹಾಗಾಗಿ ಒಂದು ಕೆಲಸ ಮಾಡಿ. ದರ ಪರಿಷ್ಕರಣೆ ಹೊತ್ತಿಗೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾವ ಗ್ರಾಹಕರು ಬೇಕಾದರೂ ಬರೆದು ಕೊಟ್ಟು ಮಾತಾಡಬಹುದು. ಬೆಸ್ಕಾಂ ಅರ್ಜಿಯಲ್ಲಿ ಯಾವ ಮೂಲದಿಂದ ಎಷ್ಟು ಯೂನಿಟ್, ಎಷ್ಟು ದರ ಅಂತ ಕೋಷ್ಟಕ ಇರುತ್ತದೆ. ಅದನ್ನು ಹಿಡಿದುಕೊಂಡು ಹೋಗಿ ಒಂದೇ ಪ್ರಶ್ನೆ ಕೇಳಿ: ಖರೀದಿ ಕಡ್ಡಾಯ ಪೂರೈಸಿದ್ದೇವೆ ಎಂದು ತೋರಿಸಿದ ಅಂಕಿಯಲ್ಲಿ ಹಳೇ ಡ್ಯಾಮಿನದು ಎಷ್ಟು, ಅದನ್ನು ಕಳೆದರೆ ಉಳಿಯುವುದು ಎಷ್ಟು?